ಹಳೆಯ ಗಾರ್ಡನ್ ಟ್ರ್ಯಾಕ್ಟರ್‌ನ ಕ್ಲಚ್ ಮತ್ತು ವೈರಿಂಗ್ ರಿಪೇರಿ: ಸಮಗ್ರ ಮಾರ್ಗದರ್ಶಿ

ಕೀ ತಿರುಗಿಸಿದರೆ ಸೀಟಿನ ಕೆಳಗಿಂದ ಬರೀ ‘ಟಿಕ್’ ಎಂಬ ಸದ್ದು, ಕೆಲವೊಮ್ಮೆ ಅದೂ ಇಲ್ಲ. ಹೇಗೋ ಸ್ಟಾರ್ಟ್ ಆಯಿತೆಂದರೆ ಏರು ಸಿಕ್ಕಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ದುಡಿದ ಗಾರ್ಡನ್ ಟ್ರ್ಯಾಕ್ಟರ್‌ಗಳಲ್ಲಿ ಈ ಎರಡು ದೂರುಗಳು ಒಟ್ಟಿಗೇ ಬರುವುದುಂಟು. ಒಂದು ಕ್ಲಚ್ಚಿನ ಕೆಲಸ, ಇನ್ನೊಂದು ಕರೆಂಟಿನ ಕೆಲಸ ಎಂದು ಬೇರೆಬೇರೆ ಹಿಡಿಯುವುದು ರೂಢಿ. ಆದರೆ ಎರಡೂ ಕೂಡುವ ಜಾಗ ಒಂದಿದೆ, ಅದು ಕ್ಲಚ್ ಪೆಡಲ್. ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ ಸೆಲ್ಫ್‌ಗೆ ಕರೆಂಟ್ ಬಿಡುವ ಸುರಕ್ಷತಾ ಸ್ವಿಚ್ ಅಲ್ಲೇ ಕೂತಿರುತ್ತದೆ. ಪೆಡಲಿಗೆ ಸೇರಿದ ರಾಡಿನ ತೂತು ಸವೆದು ಪೆಡಲಿನ ಓಟ, ಅಂದರೆ ಅದು ಚಲಿಸುವ ದೂರ, ಬದಲಾದರೆ ಆ ಸ್ವಿಚ್ ಒತ್ತಿಕೊಳ್ಳುವುದಿಲ್ಲ. ಆಮೇಲೆ ಬ್ಯಾಟರಿ, ಸೊಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್), ಸೆಲ್ಫ್ ಮೋಟಾರ್ ಮೂರನ್ನೂ ಹೊಸದು ಹಾಕಿದರೂ ಗಾಡಿ ಸ್ಟಾರ್ಟ್ ಆಗದು. ಆದ್ದರಿಂದ ಮೊದಲು ಕ್ಲಚ್ ಸರಿಮಾಡಿ, ಪೆಡಲಿನ ಓಟ ಹೊಂದಿಸಿ, ವೈರಿಂಗಿಗೆ ಆಮೇಲೆ ಕೈ ಹಾಕಿ.

ಕೆಲಸದ ಉದ್ದಕ್ಕೂ ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ಕಣ್ಣಿಗೆ ಕಾಣುವ ಹಾಳಾದ ಭಾಗವನ್ನು ಹಾಳುಮಾಡಿದ್ದು ಸಾಮಾನ್ಯವಾಗಿ ಅದರ ಪಕ್ಕದ ಇನ್ನೊಂದು ಭಾಗ. ಬೆಲ್ಟ್ ಸುಟ್ಟಿದ್ದರೆ ಹಿಡಿದುಕೊಂಡ ಪುಲ್ಲಿಯನ್ನು ಹುಡುಕಿ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ಉಜ್ಜಿ ಸುಲಿದ ವೈರನ್ನು ಹುಡುಕಿ. ಕಾರಣ ಹಾಗೇ ಉಳಿದರೆ ಹೊಸ ಭಾಗವೂ ಹಳೆಯದರ ದಾರಿ ಹಿಡಿಯುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಡಿಜಿಟಲ್ ಮಲ್ಟಿಮೀಟರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಟಾರ್ಕ್ ಸ್ಪ್ಯಾನರ್, ಸರ್ಕ್ಲಿಪ್ ಪ್ಲಾಯರ್, ಪಿನ್ ಹೊಡೆಯಲು ಸರಿಯಳತೆಯ ಪಂಚ್, ಲಗ್ ಒತ್ತುವ ಕ್ರಿಂಪಿಂಗ್ ಪ್ಲಾಯರ್, ಶಾಖಕ್ಕೆ ಕುಗ್ಗುವ ಸ್ಲೀವ್, 120 ನಂಬರಿನ ಎಮರಿ ಕಾಗದ, ತಂತಿ ಬ್ರಷ್, ಹೆಚ್ಚು ಶಾಖ ತಡೆಯುವ ಗ್ರೀಸ್, ಬ್ರೇಕ್ ಕ್ಲೀನರ್. ಜಾಕ್ ಜೊತೆಗೆ ಎರಡು ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬೇಡಿ. ನಿಮ್ಮ ಮಾದರಿಯ ಸರ್ವಿಸ್ ಪುಸ್ತಕ ಸಿಕ್ಕರೆ ಅದರಲ್ಲಿರುವ ಅಳತೆಯೇ ಅಂತಿಮ. ಇಲ್ಲಿ ಕೊಟ್ಟಿರುವುದು ಬಹುತೇಕ 12 ವೋಲ್ಟಿನ ಪೆಟ್ರೋಲ್ ಯಂತ್ರಗಳಿಗೆ ಹೊಂದುವ ಅಳತೆಗಳು.

ಶುರುಮಾಡುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು ದೂರ ಕಟ್ಟಿಡಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಮೊದಲು ಬಿಚ್ಚಿ, ಪಾಸಿಟಿವ್ ಆಮೇಲೆ. ಮರಳಿ ಹಾಕುವಾಗ ನೆಗೆಟಿವ್ ಕೊನೆಗೆ. ಈ ಕ್ರಮಕ್ಕೆ ಕಾರಣವಿದೆ. ನೆಗೆಟಿವ್ ಕಳಚಿದ ಮೇಲೆ ಸ್ಪ್ಯಾನರ್ ಪಾಸಿಟಿವ್‌ನಿಂದ ಚಾಸಿಗೆ ತಾಗಿದರೂ ಶಾರ್ಟ್ ಆಗುವುದಿಲ್ಲ. ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ಬಿಚ್ಚುವ ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ, ಬೆಲ್ಟ್ ಯಾವ ಪುಲ್ಲಿಯ ಯಾವ ಮಗ್ಗುಲಲ್ಲಿ ಹಾದುಹೋಗಿತ್ತು ಎಂಬುದಕ್ಕಂತೂ ತಪ್ಪದೆ.

ನಿಮ್ಮ ಗಾಡಿಯಲ್ಲಿರುವುದು ಯಾವ ಕ್ಲಚ್?

ಮೂರು ಬಗೆಗಳಿವೆ, ಒಂದೇ ಗಾಡಿಯಲ್ಲಿ ಎರಡು ಇರಬಹುದು. ಮೊದಲನೆಯದು ಬೆಲ್ಟ್ ಕ್ಲಚ್. ಸ್ಪ್ರಿಂಗ್ ಎಳೆದ ಐಡ್ಲರ್ ಪುಲ್ಲಿ ಬೆಲ್ಟನ್ನು ಬಿಗಿ ಹಿಡಿದಾಗ ಗಾಡಿ ಓಡುತ್ತದೆ, ಪೆಡಲ್ ಒತ್ತಿದರೆ ಐಡ್ಲರ್ ಹಿಂದೆ ಸರಿದು ಬೆಲ್ಟ್ ಸಡಿಲವಾಗುತ್ತದೆ. ಎರಡನೆಯದು ಡಿಸ್ಕ್ ಕ್ಲಚ್. ಎಂಜಿನ್ನಿನಿಂದ ಗೇರ್ ಬಾಕ್ಸಿಗೆ ಹೋಗುವ ಶಾಫ್ಟಿನ ಮೇಲೆ ಎರಡು ಪ್ರೆಷರ್ ಪ್ಲೇಟುಗಳ ನಡುವೆ ಒಂದು ಘರ್ಷಣೆ ಡಿಸ್ಕ್ ಇರುತ್ತದೆ. ಮೂರನೆಯದು ಹುಲ್ಲು ಕತ್ತರಿಸುವ ಬ್ಲೇಡಿಗೆ ಶಕ್ತಿ ಕೊಡುವ ಪಿಟಿಒ (ಪವರ್ ಟೇಕ್-ಆಫ್) ಕ್ಲಚ್. ಇದು ವಿದ್ಯುತ್‌ಕಾಂತದಿಂದ ಹಿಡಿಯುತ್ತದೆ.

ಬೆಲ್ಟ್ ಕ್ಲಚ್

ವಿ-ಬೆಲ್ಟ್ ಎಳೆಯುವುದು ತನ್ನ ಎರಡು ಓರೆ ಬದಿಗಳಿಂದ. ಪುಲ್ಲಿಯ ತೋಡಿನ ತಳಕ್ಕೆ ಬೆಲ್ಟ್ ತಾಗಬಾರದು. ಆದ್ದರಿಂದ ಬೆಲ್ಟ್ ತೆಗೆದ ಕೂಡಲೇ ಪುಲ್ಲಿಯ ತಳ ನೋಡಿ. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಅಲ್ಲಿಗಿಳಿದು ಉಜ್ಜಿದೆ ಎಂದರ್ಥ. ಒಂದೋ ಬೆಲ್ಟ್ ಸವೆದು ಕಿರಿದಾಗಿದೆ, ಇಲ್ಲವೇ ಪುಲ್ಲಿಯ ಬದಿಗಳು ಸವೆದು ಅಗಲವಾಗಿವೆ. ಹೊಸ ಬೆಲ್ಟ್ ಹಾಕಿದ ಮೇಲೂ ಅದು ಅಂಚಿಗಿಂತ ಕೆಳಗಿಳಿದು ಕೂತರೆ ಪುಲ್ಲಿಯನ್ನೇ ಬದಲಿಸಬೇಕು, ಸ್ಪ್ರಿಂಗ್ ಎಷ್ಟು ಬಿಗಿ ಮಾಡಿದರೂ ಜಾರುವುದು ನಿಲ್ಲುವುದಿಲ್ಲ.

ಬೆಲ್ಟಿನ ಬದಿ ಗಾಜಿನಂತೆ ಮಿರುಗುತ್ತಿದ್ದರೆ ಅದು ಜಾರಿ ಸುಟ್ಟಿದೆ. ಒಂದೇ ಜಾಗದಲ್ಲಿ ಸುಟ್ಟು ಹಳ್ಳ ಬಿದ್ದಿದ್ದರೆ ಹಿಂದಿನ ಪುಲ್ಲಿ ನಿಂತಿದ್ದಾಗ ಎಂಜಿನ್ ಪುಲ್ಲಿ ಅದನ್ನು ಅಲ್ಲೇ ಉಜ್ಜಿದೆ. ಬ್ರೇಕ್ ಹಿಡಿದುಕೊಂಡಿದೆಯೇ, ಹಿಂದಿನ ಪುಲ್ಲಿಯ ಬೇರಿಂಗ್ ಸಿಕ್ಕಿಕೊಂಡಿದೆಯೇ ನೋಡಿ. ಅಂಚು ನಾರುನಾರಾಗಿದ್ದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ, ಅಥವಾ ಬೆಲ್ಟ್ ಯಾವುದೋ ತಗಡಿಗೆ ಉಜ್ಜುತ್ತಿದೆ.

ಬೆಲ್ಟ್ ಆಯ್ಕೆಯಲ್ಲಿ ಬಹಳಷ್ಟು ಜನ ಎಡವುತ್ತಾರೆ. ಉದ್ದ, ಅಗಲ ಹೊಂದಿತೆಂದು ಕಾರಿನ ಫ್ಯಾನ್ ಬೆಲ್ಟ್ ಹಾಕುತ್ತಾರೆ. ಫ್ಯಾನ್ ಬೆಲ್ಟ್ ಸದಾ ಹಿಡಿದೇ ಇರಬೇಕಾದದ್ದು, ಅದರ ಬದಿ ಬರಿಯ ರಬ್ಬರು. ಕ್ಲಚ್ ಬೆಲ್ಟ್ ಪ್ರತಿ ಸಲ ಸ್ವಲ್ಪ ಜಾರಿ ಹಿಡಿಯಬೇಕು, ಅದಕ್ಕೆಂದೇ ಮೈಪೂರ್ತಿ ಬಟ್ಟೆ ಸುತ್ತಿರುತ್ತಾರೆ. ಬೆನ್ನಿನ ಮೇಲೂ ಐಡ್ಲರ್ ಓಡುವ ಗಾಡಿಗಳಲ್ಲಿ ಬೆಲ್ಟ್ ಎರಡೂ ಕಡೆಗೆ ಬಾಗುತ್ತದೆ. ಅರಾಮಿಡ್ ಎಳೆಗಳಿರುವ ಬೆಲ್ಟ್ ಇದನ್ನು ತಾಳುತ್ತದೆ. ಹಾಗಾಗಿ ತಯಾರಕರ ಭಾಗಸಂಖ್ಯೆಗೆ ಹೊಂದುವ ಬೆಲ್ಟನ್ನೇ ತನ್ನಿ.

ಕೆಲಸದ ಕ್ರಮ ಹೀಗಿರಲಿ:

1. ಕ್ಲಚ್ ಪೆಡಲ್ ಒತ್ತಿ ಪಾರ್ಕಿಂಗ್ ಲಾಕ್ ಹಾಕಿ. ಐಡ್ಲರ್ ಹಿಂದೆ ನಿಲ್ಲುತ್ತದೆ, ಬೆಲ್ಟ್ ಸಡಿಲವಾಗುತ್ತದೆ.

2. ಬೆಲ್ಟ್ ಕಾಯುವ ಕಂಬಿಗಳನ್ನು ಸಡಿಲಿಸಿ ಬೆಲ್ಟ್ ಹೊರತೆಗೆಯಿರಿ. ಕಂಬಿಗಳನ್ನು ಬಾಗಿಸಿ ದಾರಿ ಮಾಡಿಕೊಳ್ಳಬೇಡಿ. ಅವುಗಳ ಕೆಲಸವನ್ನು ಮುಂದೆ ನೋಡೋಣ.

3. ಪ್ರತಿ ಐಡ್ಲರನ್ನೂ ಕೈಯಲ್ಲಿ ತಿರುಗಿಸಿ. ಸದ್ದಿಲ್ಲದೆ, ಹದವಾದ ತಡೆಯೊಂದಿಗೆ ತಿರುಗಿ ನಿಲ್ಲಬೇಕು. ಮರಳು ಅರೆದಂತೆ ಕರಕರ ಎಂದರೆ, ಅಥವಾ ಗ್ರೀಸ್ ಒಣಗಿ ಬಹಳ ಹೊತ್ತು ಬುಗುರಿಯಂತೆ ಸುತ್ತುತ್ತಲೇ ಇದ್ದರೆ ಬೇರಿಂಗ್ ಬದಲಿಸಿ. ಎರಡೂ ಬದಿಗೆ ರಬ್ಬರ್ ಮುಚ್ಚಳವಿರುವ, ಸಂಖ್ಯೆಯ ಕೊನೆಗೆ ‘2ಆರ್‌ಎಸ್’ ಎಂದಿರುವ ಬೇರಿಂಗ್ ಧೂಳು ತಡೆಯುತ್ತದೆ.

4. ಐಡ್ಲರ್ ತೋಳಿನ ತಿರುಗಣೆಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಬುಷ್ ಸವೆದಿದ್ದರೆ ತೋಳು ವಾಲುತ್ತದೆ, ಪುಲ್ಲಿ ಓರೆಯಾಗುತ್ತದೆ, ಬೆಲ್ಟ್ ಕಳಚಿಕೊಳ್ಳುತ್ತದೆ. ಬೆಲ್ಟ್ ಪದೇಪದೇ ಕಳಚುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಈ ಬುಷ್.

5. ಪೆಡಲಿನಿಂದ ಐಡ್ಲರಿಗೆ ಹೋಗುವ ರಾಡ್, ಕೊಂಡಿ, ಪಿನ್ ಎಲ್ಲ ತೆಗೆದು ತೂತುಗಳನ್ನು ನೋಡಿ. ಮೊಟ್ಟೆಯಾಕಾರಕ್ಕೆ ಸವೆದ ತೂತನ್ನು ವೆಲ್ಡ್ ತುಂಬಿ ಮತ್ತೆ ಸರಿಯಳತೆಗೆ ಕೊರೆಯಿರಿ, ಇಲ್ಲವೇ ದೊಡ್ಡದಾಗಿ ಕೊರೆದು ಬುಷ್ ಕೂರಿಸಿ. ನಾಲ್ಕು ಕೀಲುಗಳಲ್ಲಿ ತಲಾ 2 ಮಿ.ಮೀ. ಸವೆತವಿದ್ದರೆ ಒಟ್ಟು 8 ಮಿ.ಮೀ. ಓಟ ಪೆಡಲಿನಲ್ಲೇ ಕರಗುತ್ತದೆ. ವೆಲ್ಡಿಂಗ್ ಗಾಡಿಯ ಮೇಲೆಯೇ ಮಾಡುವುದಾದರೆ ಬ್ಯಾಟರಿಯ ಎರಡೂ ಕೇಬಲ್ ಮತ್ತು ರೆಗ್ಯುಲೇಟರಿನ (ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ) ಪ್ಲಗ್ ಬಿಚ್ಚಿರಲಿ.

6. ಹೊಸ ಬೆಲ್ಟ್ ಹಾಕಿ. ನೇರ ಪಟ್ಟಿ ಹಿಡಿದು ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ನೋಡಿ.

7. ಪೆಡಲ್ ಬಿಟ್ಟು, ಬೆಲ್ಟ್ ಬಿಗಿಯಾಗಿರುವಾಗ, ಕಾಯುವ ಕಂಬಿಗಳನ್ನು ಬೆಲ್ಟಿನಿಂದ 1.5ರಿಂದ 3 ಮಿ.ಮೀ. ದೂರದಲ್ಲಿ ನಿಲ್ಲಿಸಿ ಬಿಗಿ ಮಾಡಿ.

ಆ ಕಂಬಿಗಳು ಬೆಲ್ಟ್ ಬೀಳದಂತೆ ತಡೆಯುವುದಷ್ಟೇ ಅಲ್ಲ, ಪೆಡಲ್ ಒತ್ತಿದಾಗ ಬೆಲ್ಟನ್ನು ಎಂಜಿನ್ ಪುಲ್ಲಿಯಿಂದ ಬಿಡಿಸುವುದೂ ಅವೇ. ಸಡಿಲವಾದ ಬೆಲ್ಟ್ ಹೊರಗೆ ಉಬ್ಬಿ ಕಂಬಿಗೆ ತಾಗಿ, ತಿರುಗುವ ಪುಲ್ಲಿಯಿಂದ ಮೇಲೆದ್ದು ನಿಲ್ಲುತ್ತದೆ. ಕಂಬಿ ದೂರವಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಬೆಲ್ಟ್ ಪುಲ್ಲಿಗೆ ಅಂಟಿಕೊಂಡೇ ಸುತ್ತುತ್ತದೆ, ಪೆಡಲ್ ಒತ್ತಿದರೂ ಗಾಡಿ ತೆವಳುತ್ತದೆ, ಗೇರ್ ಹಾಕುವಾಗ ಹಲ್ಲು ಕಚ್ಚಿದ ಸದ್ದು ಬರುತ್ತದೆ. ಗೇರ್ ಬಾಕ್ಸ್ ಕೆಟ್ಟಿತೆಂದು ಬಿಚ್ಚುವ ಮೊದಲು ಈ ಎರಡು ಕಂಬಿಗಳನ್ನು ನೋಡಿ.

ಕೊನೆಗೆ ಬ್ರೇಕ್. ಒಂದೇ ಪೆಡಲಿನಲ್ಲಿ ಕ್ಲಚ್ಚೂ ಬ್ರೇಕೂ ಇರುವ ಗಾಡಿಯಲ್ಲಿ ಪೆಡಲಿನ ಮೊದಲ ಭಾಗಕ್ಕೆ ಬೆಲ್ಟ್ ಬಿಡಬೇಕು, ಆಮೇಲೆ ಬ್ರೇಕ್ ಹಿಡಿಯಬೇಕು. ಬ್ರೇಕ್ ರಾಡನ್ನು ಅತಿಯಾಗಿ ಬಿಗಿ ಮಾಡಿದರೆ ಬೆಲ್ಟ್ ಇನ್ನೂ ಎಳೆಯುತ್ತಿರುವಾಗಲೇ ಬ್ರೇಕ್ ಹಿಡಿಯುತ್ತದೆ, ಪೆಡಲ್ ಕೊನೆಯವರೆಗೆ ಹೋಗುವುದೂ ಇಲ್ಲ. ಆಗ ಸುರಕ್ಷತಾ ಸ್ವಿಚ್ ಒತ್ತಿಕೊಳ್ಳದೆ ಸೆಲ್ಫ್ ಸುಮ್ಮನಿರುತ್ತದೆ.

ಡಿಸ್ಕ್ ಕ್ಲಚ್

ಹಳೆಯ ಡಿಸ್ಕಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒಣ ಬ್ರಷ್ಷಿನಿಂದ ಉಜ್ಜಲೂ ಬೇಡಿ. ಬ್ರೇಕ್ ಕ್ಲೀನರಿನಲ್ಲಿ ತೋಯಿಸಿ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಶಾಫ್ಟ್ ಹೊರತೆಗೆಯಲು ಗೇರ್ ಬಾಕ್ಸ್ ಕಡೆಯ ಕಪ್ಲಿಂಗಿನ ಸುರುಳಿ ಪಿನ್ ಹೊಡೆಯಬೇಕು. ತುಕ್ಕಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿಡಿ. ಪಂಚ್ ಪಿನ್ನಿಗಿಂತ ತುಸು ಸಣ್ಣದಿರಲಿ. ಮೊನೆಯಿರುವ ಪಂಚ್ ಪಿನ್ನಿನ ಬಾಯಿ ಅಗಲಿಸಿ ಇನ್ನೂ ಬಿಗಿ ಮಾಡುತ್ತದೆ. ಶಾಫ್ಟ್ ಹೊರಬಂದ ಮೇಲೆ ಮುಖ್ಯ ಸ್ಪ್ರಿಂಗ್ ಒತ್ತಡದಲ್ಲೇ ಇರುತ್ತದೆ. ವೈಸ್ ಅಥವಾ ಸ್ಪ್ರಿಂಗ್ ಕಂಪ್ರೆಸರಿನಲ್ಲಿ ಒತ್ತಿ ಹಿಡಿದೇ ಅದರ ಪಿನ್ ತೆಗೆಯಿರಿ. ಕೈಯಲ್ಲಿ ಹಿಡಿದು ಪಿನ್ ಹೊಡೆದರೆ ಸ್ಪ್ರಿಂಗ್ ಮುಖಕ್ಕೆ ಚಿಮ್ಮುತ್ತದೆ. ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಕಂಬಿಗೆ ಪೋಣಿಸಿಡಿ.

ಪರೀಕ್ಷಿಸಬೇಕಾದ ಜಾಗಗಳಲ್ಲಿ ಡಿಸ್ಕ್ ಎಲ್ಲರಿಗೂ ಕಾಣುತ್ತದೆ, ಉಳಿದವು ತಪ್ಪಿಹೋಗುತ್ತವೆ. ಎಂಜಿನ್ ಕಡೆಯ ಪ್ಲೇಟಿನ ಪಿನ್ನುಗಳು ಡಿಸ್ಕನ್ನು ತಿರುಗಿಸುವ ವಿನ್ಯಾಸದಲ್ಲಿ ಡಿಸ್ಕಿನ ತೂತುಗಳು ಉದ್ದವಾಗಿ ಸವೆಯುತ್ತವೆ, ಪಿನ್ನುಗಳಲ್ಲಿ ಮೆಟ್ಟಿಲು ಬೀಳುತ್ತದೆ. ಮೆಟ್ಟಿಲು ಬಿದ್ದ ಪಿನ್ನಿನ ಮೇಲೆ ಹೊಸ ಡಿಸ್ಕ್ ಸರಾಗವಾಗಿ ಹಿಂದೆ ಸರಿಯದು. ಕ್ಲಚ್ ಬಿಡುವುದೇ ಇಲ್ಲ. ಪ್ರೆಷರ್ ಪ್ಲೇಟಿನಲ್ಲಿ ನೀಲಿ ಕಲೆ ಇದ್ದರೆ ಅತಿ ಬಿಸಿಯಾಗಿದೆ. ನೇರ ಪಟ್ಟಿ ಇಟ್ಟು ಬಾಗಿದೆಯೇ ನೋಡಿ, ಬಾಗಿದ್ದರೆ ಅಥವಾ ಬಿರುಕಿದ್ದರೆ ಬದಲಿಸಿ. ಬರೀ ಮಿರುಗುತ್ತಿದ್ದರೆ ಗಾಜಿನ ಹಲಗೆಯ ಮೇಲೆ ಎಮರಿ ಕಾಗದ ಹಾಸಿ, ಪ್ಲೇಟನ್ನು ವೃತ್ತಾಕಾರದಲ್ಲಿ ಉಜ್ಜಿ ಹೊಳಪು ತೆಗೆದರೆ ಸಾಕು. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಒಣಗಿ ಸದ್ದು ಮಾಡುತ್ತಿದ್ದರೆ ಬದಲಿಸಿ, ಅದಕ್ಕೆ ಹೊರಗಿನಿಂದ ಗ್ರೀಸ್ ತುಂಬುವ ಯತ್ನ ಬೇಡ. ಕೆಲವು ಗಾಡಿಗಳಲ್ಲಿ ಮುಖ್ಯ ಸ್ಪ್ರಿಂಗಿನ ಜೊತೆ ಒಂದು ಸಣ್ಣ ಸ್ಪ್ರಿಂಗ್ ಇರುತ್ತದೆ; ಡಿಸ್ಕನ್ನು ಮೊದಲು ಮೆಲ್ಲಗೆ ತಾಗಿಸುವುದು ಅದರ ಕೆಲಸ. ಅದು ಮುರಿದರೆ ಪೆಡಲ್ ಎಷ್ಟೇ ನಿಧಾನ ಬಿಟ್ಟರೂ ಗಾಡಿ ಎಗರುತ್ತದೆ.

ಡಿಸ್ಕಿಗೆ ಎಣ್ಣೆ ತಾಗಿದ್ದರೆ ತೊಳೆದು ಮತ್ತೆ ಹಾಕುವುದು ವ್ಯರ್ಥ, ಎಣ್ಣೆ ಒಳಗೆ ಇಂಗಿರುತ್ತದೆ. ಎಂಜಿನ್ನಿನ ಆಯಿಲ್ ಸೀಲ್ ಸೋರುತ್ತಿದೆಯೇ ನೋಡಿ, ಮೊದಲು ಅದನ್ನು ಬದಲಿಸಿ, ಆಮೇಲೆ ಡಿಸ್ಕ್.

ಶಾಫ್ಟಿನ ಮುಂತುದಿ ಕೂರುವ ಚಿಕ್ಕ ಬುಷ್ಷಿಗೆ ಗ್ರೀಸ್ ಒಣಗಿದರೆ ಕ್ಲಚ್ ಒತ್ತಿದಾಗಲೂ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಗೇರ್ ಕಚ್ಚುತ್ತದೆ. ಬೆರಳ ತುದಿಯಷ್ಟು ಗ್ರೀಸ್ ಸವರಿ. ಹೆಚ್ಚಾದರೆ ತಿರುಗುವಾಗ ಎರಚಿ ಡಿಸ್ಕಿಗೆ ತಾಗುತ್ತದೆ.

ಜೋಡಿಸಿದ ಮೇಲೆ ರಿಲೀಸ್ ಬೇರಿಂಗ್ ಮತ್ತು ಲಿವರ್ ನಡುವೆ ಫ್ರೀ ಪ್ಲೇ ಹೊಂದಿಸಿ. ಹಳೆಯ ಡಿಸ್ಕ್ ಕ್ಲಚ್ ಗಾಡಿಗಳಲ್ಲಿ ಇದು ಸುಮಾರು 1.3 ಮಿ.ಮೀ., ಫೀಲರ್ ಗೇಜಿನಿಂದಲೇ ಅಳೆಯಿರಿ. ಡಿಸ್ಕ್ ಸವೆದಂತೆ ಈ ಸಂದು ತಾನಾಗಿಯೇ ಕಡಿಮೆಯಾಗುತ್ತದೆ. ಪೂರ್ತಿ ಮುಚ್ಚಿದರೆ ಲಿವರ್ ಸದಾ ಬೇರಿಂಗನ್ನು ಒತ್ತುತ್ತಿರುತ್ತದೆ: ಕ್ಲಚ್ ಜಾರುತ್ತದೆ, ಬೇರಿಂಗೂ ಸುಡುತ್ತದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸವೂ ಇದನ್ನೇ ಮಾಡುತ್ತದೆ.

ವಿದ್ಯುತ್ ಪಿಟಿಒ ಕ್ಲಚ್

ತಣ್ಣಗಿರುವಾಗ ಬ್ಲೇಡ್ ತಿರುಗುತ್ತದೆ, ಅರ್ಧ ಗಂಟೆ ಕೆಲಸವಾದ ಮೇಲೆ ಸ್ವಿಚ್ ಹಾಕಿದರೆ ಹಿಡಿಯುವುದಿಲ್ಲ. ಈ ದೂರಿಗೆ ಹೊಸ ಕ್ಲಚ್ ತರುವವರೇ ಹೆಚ್ಚು, ಆದರೆ ಸಾಮಾನ್ಯವಾಗಿ ಸಂದು ಹೊಂದಿಸಿದರೆ ಸರಿಹೋಗುತ್ತದೆ. ಕ್ಲಚ್ ಸವೆದಂತೆ ಕಾಂತಕ್ಕೂ ಎಳೆಯುವ ತಟ್ಟೆಗೂ ನಡುವಿನ ಸಂದು ಹಿಗ್ಗುತ್ತದೆ. ಸುರುಳಿ ಬಿಸಿಯಾದಾಗ ಅದರ ರೋಧ ಏರಿ ಕರೆಂಟ್ ಇಳಿಯುತ್ತದೆ, ಕಾಂತದ ಎಳೆತ ಸೊರಗುತ್ತದೆ. ಹಿಗ್ಗಿದ ಸಂದನ್ನು ದಾಟಿ ಎಳೆಯಲು ಅದಕ್ಕೆ ಬಲ ಸಾಲುವುದಿಲ್ಲ.

ಹೊಂದಿಸಬಲ್ಲ ಕ್ಲಚ್ಚಿನಲ್ಲಿ ಮೂರು ನಟ್ಟುಗಳೂ, ಪ್ರತಿಯೊಂದರ ಬಳಿ ಒಂದು ಕಿಟಕಿಯೂ ಇರುತ್ತವೆ. ಕಿಟಕಿಯಲ್ಲಿ 0.3ರಿಂದ 0.4 ಮಿ.ಮೀ. ಫೀಲರ್ ಗೇಜ್ ತೂರಿಸಿ, ಗೇಜ್ ತುಸು ಉಜ್ಜಿಕೊಂಡು ಸರಿಯುವಷ್ಟು ನಟ್ಟು ಬಿಗಿ ಮಾಡಿ. ಮೂರೂ ಕಡೆ ಸಮನಾಗುವವರೆಗೆ ಸುತ್ತಿ ಸುತ್ತಿ ಹೊಂದಿಸಿ, ಒಂದು ಮುಟ್ಟಿದರೆ ಉಳಿದೆರಡು ಬದಲಾಗುತ್ತವೆ.

ಪ್ಲಗ್ ಬಿಚ್ಚಿ ಸುರುಳಿಯ ರೋಧ ಅಳೆಯಿರಿ. ಬಹಳಷ್ಟು ಕ್ಲಚ್ಚುಗಳಲ್ಲಿ ಅದು 2.4ರಿಂದ 4 ಓಮ್ ನಡುವೆ ಇರುತ್ತದೆ. ಮೀಟರ್ ಓಪನ್ (ಅನಂತ ರೋಧ) ತೋರಿದರೆ ಸುರುಳಿ ಕಡಿದಿದೆ, 1 ಓಮಿಗಿಂತ ಕಡಿಮೆ ಬಂದರೆ ಒಳಗೆ ಶಾರ್ಟ್ ಆಗಿದೆ, ಎರಡರಲ್ಲೂ ರಿಪೇರಿಯಿಲ್ಲ. ರೋಧ ಸರಿಯಿದ್ದೂ ಹಿಡಿಯದಿದ್ದರೆ ಸ್ವಿಚ್ ಹಾಕಿ ಪ್ಲಗ್ಗಿನಲ್ಲೇ ವೋಲ್ಟೇಜ್ ಅಳೆಯಿರಿ, ಕ್ಲಚ್ ಜೋಡಿಸಿಯೇ ಇರಲಿ. ಬ್ಯಾಟರಿಗಿಂತ 1 ವೋಲ್ಟ್‌ಗೂ ಮೀರಿ ಇಳಿದಿದ್ದರೆ ದೋಷ ಸ್ವಿಚ್ಚಿನಲ್ಲೋ ವೈರಿನಲ್ಲೋ ಇದೆ.

ಕ್ಲಚ್ ಸುತ್ತದಂತೆ ತಡೆಯುವ ತುಂಡು ಬ್ರಾಕೆಟ್ ಒಂದಿರುತ್ತದೆ. ಅದು ಕ್ಲಚ್ಚಿನ ತೋಡಿನಲ್ಲಿ ಸಡಿಲವಾಗಿಯೇ ಕೂರಬೇಕು. ಬಿಗಿಯಾಗಿ ಬೋಲ್ಟ್ ಹಾಕಿ ಕಟ್ಟಿದರೆ ಶಾಫ್ಟಿನ ಕಂಪನವೆಲ್ಲ ಕ್ಲಚ್ ಬೇರಿಂಗಿನ ಮೇಲೆ ಬಿದ್ದು ಅದು ಬೇಗ ಹೋಗುತ್ತದೆ. ಬ್ರಾಕೆಟ್ಟೇ ಇಲ್ಲದಿದ್ದರೆ ಸುರುಳಿ ಸುತ್ತಿ ವೈರು ಕಿತ್ತುಬರುತ್ತದೆ. ನಡುಬೋಲ್ಟಿನ ಬಿಗಿ ಸಾಮಾನ್ಯವಾಗಿ 68 ನ್ಯೂಟನ್ ಮೀಟರ್ ಆಸುಪಾಸು.

ಹೊಸ ಕ್ಲಚ್ ಹಾಕಿದರೆ ಪಳಗಿಸಬೇಕು. ಎಂಜಿನ್ ಅರ್ಧ ವೇಗದಲ್ಲಿ, 10 ಸೆಕೆಂಡ್ ಹಾಕಿ 10 ಸೆಕೆಂಡ್ ಬಿಟ್ಟು, ಐದು ಸಲ. ಆಮೇಲೆ ಮುಕ್ಕಾಲು ವೇಗದಲ್ಲಿ ಐದು ಸಲ. ಎರಡು ಮೈಗಳೂ ಪರಸ್ಪರ ಉಜ್ಜಿ ಹೊಂದಿಕೊಳ್ಳುತ್ತವೆ, ಹಿಡಿತ ಪೂರ್ತಿ ಬರುತ್ತದೆ.

ವೈರಿಂಗ್: ಬ್ಯಾಟರಿಯಿಂದ ಶುರು

ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಪೂರ್ತಿ ಚಾರ್ಜ್, 12.2 ಎಂದರೆ ಸುಮಾರು ಅರ್ಧ, 12.0ಕ್ಕಿಂತ ಕೆಳಗೆ ಎಂದರೆ ಖಾಲಿಯ ಹತ್ತಿರ. ಖಾಲಿ ಬ್ಯಾಟರಿ ಇಟ್ಟುಕೊಂಡು ಮುಂದಿನ ಯಾವ ಪರೀಕ್ಷೆ ಮಾಡಿದರೂ ಉತ್ತರ ತಪ್ಪು ಬರುತ್ತದೆ, ಮೊದಲು ಚಾರ್ಜ್ ಮಾಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ಇಡಿ. ಟರ್ಮಿನಲ್ಲಿನ ಬಿಳಿ-ಹಸಿರು ಹುಡಿಯನ್ನು ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ತೊಳೆಯಿರಿ. ಆ ನೀರು ಬ್ಯಾಟರಿಯೊಳಗೆ ಹೋಗದಿರಲಿ.

ಈಗ ಪ್ಲಗ್ ಕ್ಯಾಪ್ ಕಳಚಿ, ಅದನ್ನು ಎಂಜಿನ್ ಲೋಹಕ್ಕೆ ತಾಗಿಸಿ ಕಟ್ಟಿ, ಕೀ ತಿರುಗಿಸಿ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೇಲೆ ಮೀಟರ್ ಇಡಿ. 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟಾರ್ ಅತಿಯಾಗಿ ಎಳೆಯುತ್ತಿದೆ. ಬ್ಯಾಟರಿ ಗಟ್ಟಿಯಾಗಿದ್ದೂ ಸೆಲ್ಫ್ ಪ್ರತಿ ಸುತ್ತಿನಲ್ಲೂ ಅರ್ಧಕ್ಕೆ ನಿಲ್ಲುತ್ತಿದ್ದರೆ ವಾಲ್ವ್ ಸಂದು ಪರೀಕ್ಷಿಸಿ. ಸಂದು ಹೆಚ್ಚಾದಾಗ ಕಂಪ್ರೆಷನ್ ಇಳಿಸುವ ವ್ಯವಸ್ಥೆ ಕೆಲಸ ಮಾಡದೆ ಪಿಸ್ಟನ್ ಅಡ್ಡ ನಿಲ್ಲುತ್ತದೆ. ಕರೆಂಟಿನ ದೋಷದಂತೆಯೇ ಕಾಣುವ ಎಂಜಿನ್ ದೋಷ ಇದು.

ಅರ್ಥ್, ಕೇಬಲ್, ಸೊಲೆನಾಯ್ಡ್

ಹಳೆಯ ಗಾಡಿಯ ಕರೆಂಟಿನ ದೂರುಗಳಲ್ಲಿ ದೊಡ್ಡ ಪಾಲು ಅರ್ಥಿನದು, ಅಂದರೆ ಕರೆಂಟ್ ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯದು. ಓಮ್ ಅಳತೆ ಇಲ್ಲಿ ಮೋಸ ಮಾಡುತ್ತದೆ: ನೂರು ಎಳೆಗಳಲ್ಲಿ ಒಂದೇ ಉಳಿದ ಕೇಬಲ್ ಕೂಡ ಮೀಟರಿನಲ್ಲಿ ಸರಿಯೆಂದೇ ತೋರುತ್ತದೆ. ಕರೆಂಟ್ ಹರಿಯುತ್ತಿರುವಾಗ ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂದು ಅಳೆಯಬೇಕು. ಸೆಲ್ಫ್ ಹೊಡೆಯುತ್ತಿರುವಾಗ:

ಬ್ಯಾಟರಿ ನೆಗೆಟಿವ್ ಕಂಬದಿಂದ (ಟರ್ಮಿನಲ್ಲಿನಿಂದ) ಎಂಜಿನ್ನಿನ ಮೈಗೆ: 0.2 ವೋಲ್ಟ್ ಮೀರಬಾರದು.

ಬ್ಯಾಟರಿ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ಕಂಬಕ್ಕೆ: ಒಟ್ಟು 0.5 ವೋಲ್ಟ್ ಮೀರಬಾರದು.

ಸೊಲೆನಾಯ್ಡಿನ ಎರಡು ದಪ್ಪ ಕಂಬಗಳ ನಡುವೆ: 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿದೆ.

ಅರ್ಥ್ ಸರಿಪಡಿಸಲು ಬೋಲ್ಟ್ ಬಿಚ್ಚಿ, ಸುತ್ತ ಲಗ್ಗಿನಗಲ ಬಣ್ಣ ಕೆರೆದು ಹೊಳೆಯುವ ಲೋಹ ತೋರಿಸಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಗ್ರೀಸ್ ಬಿಗಿ ಮಾಡಿದ ಮೇಲೆ, ಹೊರಗಿನಿಂದ. ಎಂಜಿನ್ ರಬ್ಬರ್ ಮೆತ್ತೆಯ ಮೇಲೆ ಕೂತಿದ್ದರೆ ಚಾಸಿಯಿಂದ ಎಂಜಿನ್ನಿಗೆ ಪ್ರತ್ಯೇಕ ಅರ್ಥ್ ಕೇಬಲ್ ಇದೆಯೇ ನೋಡಿ. ದಪ್ಪ ಕೇಬಲ್ 16 ಚದರ ಮಿ.ಮೀ., ಚಾರ್ಜಿಂಗ್ ವೈರು 2.5, ಸ್ವಿಚ್ಚಿನ ವೈರು 1.5 ಇದ್ದರೆ ಸಾಕು.

ಮೂರು ಕಂಬದ ಸೊಲೆನಾಯ್ಡ್ ತನ್ನ ಅರ್ಥನ್ನು ಕಾಲಿನಿಂದಲೇ ಪಡೆಯುತ್ತದೆ; ಕಾಲಿನ ಕೆಳಗೆ ಬಣ್ಣವೋ ತುಕ್ಕೋ ಇದ್ದರೆ ‘ಟಿಕ್’ ಎನ್ನುವುದೂ ಇಲ್ಲ. ನಾಲ್ಕು ಕಂಬದ್ದಕ್ಕೆ ಎರಡನೆಯ ಸಣ್ಣ ಕಂಬದಿಂದ ಅರ್ಥ್ ವೈರು ಬೇಕು. ಒಂದನ್ನು ತೆಗೆದು ಇನ್ನೊಂದನ್ನು ಹಾಕಿದವರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ.

ಕೀಯಿಂದ ಸೊಲೆನಾಯ್ಡಿನವರೆಗೆ

ಈ ದಾರಿ ಒಂದು ಸರಪಳಿ: ಬ್ಯಾಟರಿ, ಫ್ಯೂಸ್, ಕೀ ಸ್ವಿಚ್, ಕ್ಲಚ್ ಪೆಡಲ್ ಸ್ವಿಚ್, ಪಿಟಿಒ ಸ್ವಿಚ್, ಸೊಲೆನಾಯ್ಡಿನ ಸಣ್ಣ ಕಂಬ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಪೆಡಲ್ ಒತ್ತಿ, ಕೀ ಸ್ಟಾರ್ಟಿಗೆ ತಿರುಗಿಸಿ, ಸಣ್ಣ ಕಂಬದಲ್ಲಿ ಅಳೆಯಿರಿ. 12ರ ಹತ್ತಿರ ಬಂದೂ ಸೊಲೆನಾಯ್ಡ್ ಎಳೆಯದಿದ್ದರೆ ಅದರ ಅರ್ಥ್ ಅಥವಾ ಅದೇ ಕೆಟ್ಟಿದೆ. ಏನೂ ಬರದಿದ್ದರೆ ಸರಪಳಿಯ ನಡುವಿನಲ್ಲಿ, ಅಂದರೆ ಪೆಡಲ್ ಸ್ವಿಚ್ಚಿನಲ್ಲಿ ಅಳೆಯಿರಿ. ಅಲ್ಲಿ ಒಳಬರುವ ತುದಿಯಲ್ಲಿ ಇದ್ದು ಹೊರಹೋಗುವ ತುದಿಯಲ್ಲಿ ಇಲ್ಲದಿದ್ದರೆ ಸ್ವಿಚ್ಚಿನ ಗುಂಡಿಯನ್ನು ಬೆರಳಿನಿಂದ ಒತ್ತಿ ನೋಡಿ. ಬೆರಳಿಗೆ ಕೆಲಸ ಮಾಡಿದರೆ ಸ್ವಿಚ್ ಸರಿಯಿದೆ, ಪೆಡಲ್ ಅದನ್ನು ಮುಟ್ಟುತ್ತಿಲ್ಲ; ಬ್ರಾಕೆಟ್ ಹೊಂದಿಸಿ. ಕ್ಲಚ್ ಮೊದಲು ಮುಗಿಸಿದ್ದರಿಂದ ಈ ಹೊಂದಾಣಿಕೆ ಮತ್ತೆ ಕೆಡುವುದಿಲ್ಲ.

ಸಣ್ಣ ಕಂಬದಲ್ಲಿ 8, 9 ವೋಲ್ಟ್ ಮಾತ್ರ ಬಂದು ಸೊಲೆನಾಯ್ಡ್ ‘ಟಕಟಕಟಕ’ ಎಂದರೆ ಮೊದಲು ಅದೇ ಹೊತ್ತಿಗೆ ಬ್ಯಾಟರಿಯ ಮೇಲೆ ಎಷ್ಟಿದೆ ನೋಡಿ. ಬ್ಯಾಟರಿ ಗಟ್ಟಿಯಾಗಿದ್ದರೆ ಸರಪಳಿಯ ಒಂದೊಂದು ಕೊಂಡಿಯೂ ಸ್ವಲ್ಪಸ್ವಲ್ಪ ತಿನ್ನುತ್ತಿದೆ. ಪ್ಲಗ್ಗುಗಳ ಒಳಗಿನ ಹಸಿರು ಕಿಲುಬು ತೆಗೆದು, ಸಡಿಲವಾದ ಹೆಣ್ಣು ಲಗ್ಗನ್ನು ಪ್ಲಾಯರಿನಿಂದ ತುಸು ಒತ್ತಿ.

ಕೀ ಸ್ವಿಚ್ ಬದಲಿಸುವಾಗ ಎಚ್ಚರ. ಮ್ಯಾಗ್ನೆಟೋ (ಬ್ಯಾಟರಿಯಿಲ್ಲದೆ ತಾನೇ ಕಿಡಿ ಹುಟ್ಟಿಸುವ) ಇಗ್ನಿಷನ್ನಿನ ಸ್ವಿಚ್ಚೂ ಬ್ಯಾಟರಿ ಕಾಯಿಲ್ ಇಗ್ನಿಷನ್ನಿನ ಸ್ವಿಚ್ಚೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಮ್ಯಾಗ್ನೆಟೋ ಎಂಜಿನ್ ನಿಲ್ಲುವುದು ಅದರ ಕಿಲ್ ವೈರನ್ನು ಅರ್ಥಿಗೆ ತಾಗಿಸಿದಾಗ: ಕೀ ಆಫ್ ಇರುವಾಗ ಸ್ವಿಚ್ಚಿನ ‘ಎಂ’ (ಮ್ಯಾಗ್ನೆಟೋ) ಕಂಬ ‘ಜಿ’ (ಗ್ರೌಂಡ್, ಅಂದರೆ ಅರ್ಥ್) ಕಂಬಕ್ಕೆ ಸೇರುತ್ತದೆ. ತಪ್ಪು ಸ್ವಿಚ್ ಹಾಕಿದರೆ ಆ ವೈರಿಗೆ 12 ವೋಲ್ಟ್ ಹೋಗಿ ಮ್ಯಾಗ್ನೆಟೋ ಕಾಯಿಲ್ ಸುಡುತ್ತದೆ. ಹೊಸ ಸ್ವಿಚ್ಚನ್ನು ಜೋಡಿಸುವ ಮುನ್ನ ಮೀಟರಿನಲ್ಲಿ ಪ್ರತಿ ಸ್ಥಾನಕ್ಕೂ ಯಾವ ಕಂಬ ಯಾವುದಕ್ಕೆ ಸೇರುತ್ತದೆ ಎಂದು ಬರೆದುಕೊಳ್ಳಿ. ಆಫ್‌ನಲ್ಲಿ ಎಂ-ಜಿ, ಸ್ಟಾರ್ಟ್‌ನಲ್ಲಿ ಬಿ-ಎಸ್ (ಬ್ಯಾಟರಿ, ಸೊಲೆನಾಯ್ಡ್) ಸಿಗಬೇಕು.

ಉಬ್ಬುತಗ್ಗಿನಲ್ಲಿ ಎಂಜಿನ್ ತಟ್ಟನೆ ನಿಲ್ಲುತ್ತಿದ್ದರೆ ಸೀಟಿನ ಸ್ವಿಚ್ಚಿನ ಪ್ಲಗ್ ನೋಡಿ. ಪರೀಕ್ಷೆಗೆಂದು, ಬ್ಲೇಡ್ ಆಫ್ ಮಾಡಿ, ಒಂದು ನಿಮಿಷ ಅದನ್ನು ಬಳಸುದಾರಿ ಮಾಡಬಹುದು. ಹಾಗೇ ಬಿಟ್ಟು ಕೆಲಸಕ್ಕೆ ಇಳಿಯಬೇಡಿ. ಸೀಟಿನಿಂದ ಜಾರಿ ಬಿದ್ದಾಗ ತಿರುಗುವ ಬ್ಲೇಡನ್ನು ನಿಲ್ಲಿಸುವುದು ಅದೊಂದೇ ಸ್ವಿಚ್.

ಚಾರ್ಜಿಂಗ್

ಎಂಜಿನ್ ಪೂರ್ತಿ ವೇಗದಲ್ಲಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.7 ವೋಲ್ಟ್ ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. 12.5ರಲ್ಲೇ ನಿಂತರೆ ಫ್ಯೂಸ್ ನೋಡಿ, ಆಮೇಲೆ ರೆಗ್ಯುಲೇಟರಿನ ಪ್ಲಗ್ ಬಿಚ್ಚಿ, ಫ್ಲೈವೀಲಿನಿಂದ ಬರುವ ಎರಡು ವೈರುಗಳ ನಡುವೆ ಮೀಟರನ್ನು ಎಸಿಗೆ ಇಟ್ಟು ಅಳೆಯಿರಿ. 15 ಆಂಪಿಯರಿನ ವ್ಯವಸ್ಥೆಯಲ್ಲಿ ಪೂರ್ತಿ ವೇಗಕ್ಕೆ 28 ವೋಲ್ಟ್ ಅಥವಾ ಹೆಚ್ಚು ಬರಬೇಕು. ಬಂದರೆ ಸ್ಟೇಟರ್ (ಫ್ಲೈವೀಲಿನಡಿ ಕರೆಂಟ್ ಹುಟ್ಟಿಸುವ ಸುರುಳಿ) ಸರಿಯಿದೆ. ರೆಗ್ಯುಲೇಟರಿನ ಮೈಗೆ ಒಳ್ಳೆಯ ಅರ್ಥ್ ಸಿಗುತ್ತಿದೆಯೇ ನೋಡಿ, ಅದೂ ಸರಿಯಿದ್ದರೆ ಮಾತ್ರ ರೆಗ್ಯುಲೇಟರ್ ಬದಲಿಸಿ. ಬಾರದಿದ್ದರೆ ಎಂಜಿನ್ ನಿಲ್ಲಿಸಿ ಸ್ಟೇಟರ್ ವೈರುಗಳಿಂದ ಅರ್ಥಿಗೆ ರೋಧ ಅಳೆಯಿರಿ. ಈ ಬಗೆಯಲ್ಲಿ ಎರಡಕ್ಕೂ ಅರ್ಥಿಗೂ ಸಂಬಂಧವೇ ಇರಬಾರದು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ತೆಗೆದು ‘ಚಾರ್ಜ್ ಬರುತ್ತಿದೆಯೇ’ ಎಂದು ನೋಡುವ ಹಳೆಯ ವಿಧಾನ ರೆಗ್ಯುಲೇಟರನ್ನು ಕೊಲ್ಲುತ್ತದೆ.

ಇನ್ನೂ ಹಳೆಯ ಗಾಡಿಗಳಲ್ಲಿ ಬೆಲ್ಟಿನಿಂದ ತಿರುಗುವ ಸ್ಟಾರ್ಟರ್-ಜನರೇಟರ್ ಇರುತ್ತದೆ. ಸೆಲ್ಫೂ ಅದೇ, ಡೈನಮೋ ಕೂಡ ಅದೇ. ಕಾರ್ಬನ್ ಬ್ರಷ್ ಅರ್ಧಕ್ಕಿಂತ ಸವೆದಿದ್ದರೆ ಬದಲಿಸಿ, ಬೆಲ್ಟ್ ಬಿಗಿಯಿರಲಿ. ವೈರು ಬಿಚ್ಚಿ ಜೋಡಿಸಿದ ಮೇಲೆ ಅದರ ಧ್ರುವ ಹೊಂದಿಸಬೇಕು. ಫೀಲ್ಡ್‌ಗೆ ರೆಗ್ಯುಲೇಟರ್ ಅರ್ಥ್ ಕೊಡುವ ಬಗೆಯಲ್ಲಿ, ಸ್ಟಾರ್ಟ್ ಮಾಡುವ ಮೊದಲು, ರೆಗ್ಯುಲೇಟರಿನ ಬ್ಯಾಟರಿ ಕಂಬವನ್ನೂ ಜನರೇಟರ್ ಕಂಬವನ್ನೂ ಒಂದು ವೈರಿನಿಂದ ಕ್ಷಣಮಾತ್ರ ತಾಗಿಸಿದರೆ ಸಾಕು. ಇದನ್ನು ಮರೆತರೆ ಉಲ್ಟಾ ಧ್ರುವದಲ್ಲಿ ಕರೆಂಟ್ ಹುಟ್ಟಿ ರೆಗ್ಯುಲೇಟರಿನ ಪಾಯಿಂಟುಗಳು ಸುಡುತ್ತವೆ.

ನಿಲ್ಲಿಸಿಟ್ಟ ಗಾಡಿಯ ಬ್ಯಾಟರಿ ವಾರಗಳಲ್ಲಿ ಖಾಲಿಯಾಗುತ್ತಿದ್ದರೆ ಕೀ ಆಫ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲಿಗೂ ನಡುವೆ ಆಂಪಿಯರ್ ಅಳೆಯಿರಿ. 50 ಮಿಲಿ ಆಂಪಿಯರ್ ಸೋರಿದರೂ ದಿನಕ್ಕೆ 1.2 ಆಂಪಿಯರ್-ಗಂಟೆ, ಎರಡು ವಾರಕ್ಕೆ ಸುಮಾರು 17, ಅಂದರೆ ಈ ಗಾಡಿಗಳ ಚಿಕ್ಕ ಬ್ಯಾಟರಿಯ ಅರ್ಧದಷ್ಟು. ಫ್ಯೂಸ್, ಆಮೇಲೆ ರೆಗ್ಯುಲೇಟರ್ ಪ್ಲಗ್ ಒಂದೊಂದಾಗಿ ತೆಗೆದು ಯಾವುದಕ್ಕೆ ಸೋರಿಕೆ ನಿಲ್ಲುತ್ತದೆ ನೋಡಿ.

ವೈರು ಜೋಡಣೆ

ತಿರುಚಿ ಟೇಪ್ ಸುತ್ತಿದ ಜೋಡಣೆ ಕಂಪನಕ್ಕೆ ನಿಲ್ಲುವುದಿಲ್ಲ, ಟೇಪಿನಡಿ ನೀರು ನಿಂತು ತಾಮ್ರ ಕಪ್ಪಾಗುತ್ತದೆ. ಕಪ್ಪಾದ ಭಾಗವನ್ನು ಹೊಳಪು ಸಿಗುವವರೆಗೆ ಕತ್ತರಿಸಿ, ಸ್ಲೀವ್ ಮೊದಲೇ ತೂರಿಸಿ, ಕ್ರಿಂಪ್ ಮಾಡಿ, ಎಳೆದು ನೋಡಿ, ಆಮೇಲೆ ಸ್ಲೀವ್ ಕುಗ್ಗಿಸಿ. ಸೈಲೆನ್ಸರಿನಿಂದ ದೂರ ಹಾಯಿಸಿ. ತಗಡಿನ ತೂತಿನಲ್ಲಿ ರಬ್ಬರ್ ಬಳೆ ಹಾಕಿ. ಫ್ಯೂಸ್ ಎಷ್ಟು ಆಂಪಿಯರಿನದಿತ್ತೋ ಅಷ್ಟರದೇ ಇರಲಿ.

ಎಲ್ಲ ಜೋಡಿಸಿದ ಮೇಲೆ ಪ್ಲಗ್ ಕ್ಯಾಪ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಸುತ್ತ ಯಾರೂ ಇಲ್ಲದಲ್ಲಿ ಸುರಕ್ಷತಾ ಪರೀಕ್ಷೆ ಮಾಡಿ. ಪೆಡಲ್ ಬಿಟ್ಟು ಕೀ ತಿರುಗಿಸಿದರೆ ಸೆಲ್ಫ್ ಹೊಡೆಯಬಾರದು. ಪಿಟಿಒ ಹಾಕಿ ಕೀ ತಿರುಗಿಸಿದರೂ ಹೊಡೆಯಬಾರದು. ಎಂಜಿನ್ ಓಡುತ್ತಿರುವಾಗ ಪಿಟಿಒ ಹಾಕಿ ಸೀಟಿನಿಂದ ಸ್ವಲ್ಪ ಮೇಲೆದ್ದರೆ ಎಂಜಿನ್ ನಿಲ್ಲಬೇಕು. ಐದು ಗಂಟೆ ಕೆಲಸದ ನಂತರ ಹೊಸ ಬೆಲ್ಟ್ ಹಿಗ್ಗಿರುತ್ತದೆ, ಹೊಸ ಡಿಸ್ಕ್ ಕೂತಿರುತ್ತದೆ. ಆಗ ಪೆಡಲಿನ ಓಟ, ಕಾಯುವ ಕಂಬಿಗಳ ಅಂತರ, ಫ್ರೀ ಪ್ಲೇ, ಬ್ಯಾಟರಿ ಕೇಬಲಿನ ನಟ್ಟುಗಳನ್ನು ಇನ್ನೊಮ್ಮೆ ಅಳೆದು ಬಿಗಿ ಮಾಡಿ.